ಮಕ್ಕಳ ತಲೆನೋವು: ಹುಡುಗನಲ್ಲಿ ಒಂದು ಬಗೆ, ಹುಡುಗಿಯಲ್ಲಿ ಒಂದು ಬಗೆ

ಶಾಲೆಯಿಂದ ಬಂದ ಮಗು ತಲೆ ಹಿಡಿದುಕೊಂಡು ಕತ್ತಲೆಯ ಮೂಲೆಯಲ್ಲಿ ಮಲಗಿದರೆ, ಅದನ್ನು ಮೈಗಳ್ಳತನವೆಂದು ಗದರಿಸಬೇಡಿರಿ. ಅರೆತಲೆನೋವು ಐದಾರು ವರ್ಷದ ಮಕ್ಕಳಿಗೂ ಬರುವುದುಂಟು. ದೊಡ್ಡವರಲ್ಲಿ ಹೆಚ್ಚಾಗಿ ಒಂದು ಪಕ್ಕಕ್ಕೆ ಕಾಣುವ ಈ ನೋವು ಮಕ್ಕಳಲ್ಲಿ ಹಣೆಯ ಎರಡೂ ಕಡೆ ಬರಬಹುದು. ಓಕರಿಕೆ, ವಾಂತಿ ಆಗುತ್ತದೆ. ಬೆಳಕು, ಗದ್ದಲ ಸಹಿಸಲಾಗದು. ಮಲಗಿ ಎದ್ದರೆ ಎಷ್ಟೋ ವೇಳೆ ಇಳಿದಿರುತ್ತದೆ.

ಎಳೆಯ ವಯಸ್ಸಿನಲ್ಲಿ ಇದು ಹುಡುಗ ಹುಡುಗಿಯರಿಬ್ಬರಲ್ಲಿಯೂ ಹೆಚ್ಚುಕಡಿಮೆ ಸಮನಾಗಿರುತ್ತದೆ. ಮೈನೆರೆಯುವ ಕಾಲಕ್ಕೆ ದಾರಿ ಬೇರೆಯಾಗುತ್ತದೆ. ಅನೇಕ ಹುಡುಗರಲ್ಲಿ ನೋವು ವಿರಳವಾಗುತ್ತ ಬರುತ್ತದೆ, ಹುಡುಗಿಯರಲ್ಲಿ ಹೆಚ್ಚುತ್ತದೆ. ಪ್ರಾಯದ ಹೆಂಗಸರಲ್ಲಿ ಇದು ಗಂಡಸರಿಗಿಂತ 2ರಿಂದ 3 ಪಟ್ಟು ಅಧಿಕ. ಮುಟ್ಟಿನ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುವುದು ಇದಕ್ಕೊಂದು ಕಾರಣ. ಆದುದರಿಂದ ‘ಮದುವೆಯಾದರೆ ತಾನೇ ಸರಿಹೋಗುತ್ತದೆ’ ಎಂಬ ಹಿರಿಯರ ಮಾತಿಗೆ ಆಧಾರವಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನವನ್ನೂ ಮುಟ್ಟಿನ ದಿನವನ್ನೂ ಗುರುತು ಹಾಕಿರಿ. ವೈದ್ಯರಿಗೆ ಅದು ಬಹಳ ಉಪಯುಕ್ತ. ಮಗನನ್ನು ಮಲಗಲು ಬಿಟ್ಟು ಮಗಳನ್ನು ಮಾತ್ರ ನಸುಕಿನಲ್ಲಿ ಎಬ್ಬಿಸಿ, ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹಚ್ಚುವ ಮನೆಗಳು ಇಂದಿಗೂ ಇವೆ. ನಿದ್ದೆಗೇಡು, ಹಸಿವು ಎರಡೂ ನೋವನ್ನು ಕೆರಳಿಸುತ್ತವೆ. ಅಂಗಡಿಯಿಂದ ತಂದ ಮಾತ್ರೆಯನ್ನು, ಅದರಲ್ಲಿಯೂ ಆಸ್ಪಿರಿನ್ನನ್ನು, ಮಕ್ಕಳಿಗೆ ಕೊಡಕೂಡದು. ಮಗುವಿನ ತೂಕಕ್ಕೆ ತಕ್ಕ ಔಷಧವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ.

ಜ್ವರದೊಡನೆ ಕತ್ತು ಬಿಗಿದರೆ, ಫಿಟ್ಸ್ ಬಂದರೆ, ದೃಷ್ಟಿ ಮಂಜಾದರೆ, ನಡಿಗೆ ತಪ್ಪಿದರೆ, ದಿನವೂ ಬೆಳಗ್ಗೆ ನೋವಿನೊಡನೆ ವಾಂತಿಯಾದರೆ, ಇಲ್ಲವೆ ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಹೆಚ್ಚುತ್ತಿದ್ದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.