ಹಳೆಯ ಸ್ಯಾಕ್ಸೊಫೋನಿನ ವಯಸ್ಸು

ಬೆಲ್ಜಿಯಮ್ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿಯು 1846ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಹೊಸ ಊದುವಾದ್ಯಕ್ಕೆ ಪೇಟೆಂಟ್ ಪಡೆದನು. ಅವನ ಹೆಸರೇ ವಾದ್ಯಕ್ಕೂ ಅಂಟಿಕೊಂಡು ಸ್ಯಾಕ್ಸೊಫೋನ್ ಎಂದಾಯಿತು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಇದನ್ನು ಕೇಳಿ ಮಾರುಹೋಗಿ, ಮುಂದೆ ಕರ್ಣಾಟಕ ಸಂಗೀತದ ಕಚೇರಿಗಳಿಗೆ ತಂದರು. ಆದುದರಿಂದ ನಮ್ಮ ಓದುಗರಿಗೆ ಇದರ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ.

ಈ ವಾದ್ಯದ ಮೈ ಹಿತ್ತಾಳೆಯದು. ಜತನದಿಂದ ಕಾಪಾಡಿದರೆ ನೂರು ವರ್ಷವೂ ಬಾಳೀತು. ಅರವತ್ತು ಎಪ್ಪತ್ತು ವರ್ಷಗಳ ಹಿಂದಿನ ವಾದ್ಯಗಳು ಈಗಲೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಅವುಗಳಲ್ಲಿ ಕೆಲವಕ್ಕೆ ಹೊಸತಕ್ಕಿಂತ ಹೆಚ್ಚಿನ ಬೆಲೆಯುಂಟು. ಹೀಗಿರಲು ಕೊಳ್ಳುವವನಿಗೆ ವಾದ್ಯದ ವಯಸ್ಸು ತಿಳಿಯುವುದು ಅಗತ್ಯ. ಆದರೆ ತಯಾರಾದ ವರ್ಷವನ್ನು ವಾದ್ಯದ ಮೇಲೆ ಬರೆಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ದೇಹನಳಿಕೆಯ ಹಿಂಬದಿಯಲ್ಲಿ ಅಚ್ಚೊತ್ತಿದ ಒಂದು ಕ್ರಮಸಂಖ್ಯೆ ಇರುತ್ತದೆ, ಅಷ್ಟೆ. ಈ ಸಂಖ್ಯೆಯಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಈಗ ವಿಚಾರಿಸೋಣ.

ಕ್ರಮಸಂಖ್ಯೆಯು ಕಾಲವನ್ನು ಹೇಳುವುದಿಲ್ಲ, ಸರದಿಯನ್ನು ಹೇಳುತ್ತದೆ. ಸರದಿಯನ್ನು ವರ್ಷಕ್ಕೆ ಪರಿವರ್ತಿಸಲು ಬೇರೊಂದು ಪಟ್ಟಿ ಬೇಕು. ಪ್ಯಾರಿಸ್ಸಿನ ಸೆಲ್ಮರ್ ಸಂಸ್ಥೆಯು 1954ರಲ್ಲಿ ಹೊರತಂದು ಸುಮಾರು ಇಪ್ಪತ್ತು ವರ್ಷ ತಯಾರಿಸಿದ ‘ಮಾರ್ಕ್ ಸಿಕ್ಸ್’ ಎಂಬ ಮಾದರಿಯನ್ನೇ ನೋಡೋಣ. ರೂಢಿಯಲ್ಲಿರುವ ಪಟ್ಟಿಯ ಪ್ರಕಾರ 68,901ರಿಂದ 74,500ರ ವರೆಗಿನ ಸಂಖ್ಯೆಗಳು 1957ನೆಯ ವರ್ಷಕ್ಕೆ ಸೇರಿದವು. ನಮ್ಮ ಕೈಯಲ್ಲಿರುವ ವಾದ್ಯದ ಸಂಖ್ಯೆ 72,000 ಎಂದಿರಲಿ. ಒಂದು ವರ್ಷಕ್ಕೆ 5,600 ವಾದ್ಯಗಳಾದರೆ ಇದು ಆ ವರ್ಷದ 3,100ನೆಯದು; ತ್ರೈರಾಶಿಯಿಂದ ಜುಲೈ ತಿಂಗಳು ಎಂದು ಉತ್ತರ ಬರುತ್ತದೆ. ಲೆಕ್ಕ ಸರಿ, ಉತ್ತರವನ್ನು ಮಾತ್ರ ನಂಬಲಾಗದು. ಪಟ್ಟಿಯಲ್ಲಿ ವರ್ಷದ ಕೊನೆಯ ಸಂಖ್ಯೆಗಳನ್ನು ಗಮನಿಸಿರಿ: ಎಲ್ಲವೂ ಎರಡು ಸೊನ್ನೆಗಳಲ್ಲಿ ಮುಗಿಯುತ್ತವೆ. ಪ್ರತಿ ಡಿಸೆಂಬರ್ 31ರಂದು ಕಾರ್ಖಾನೆಯ ಕೆಲಸವು ಸರಿಯಾಗಿ ನೂರರ ಗುಣಕದಲ್ಲಿ ನಿಂತೀತೇ? ಪಟ್ಟಿಯೇ ದುಂಡಗೆ ಮಾಡಿದ ಅಂಕೆಗಳದು. ಅದೂ ಅಲ್ಲದೆ ಸಂಖ್ಯೆ ಒತ್ತಿದ ದಿನವೇ ವಾದ್ಯವು ಅಂಗಡಿಗೆ ಹೊರಡಬೇಕೆಂದೇನೂ ಇಲ್ಲ. ಅಳತೆಪಟ್ಟಿಯಲ್ಲಿ ಮಿಲಿಮೀಟರ್ ಗೆರೆ ಇಲ್ಲದಿರುವಾಗ ಮಿಲಿಮೀಟರಿನ ದಶಾಂಶವನ್ನು ಬರೆಯುವ ವಿದ್ಯಾರ್ಥಿಯನ್ನು ಪ್ರಯೋಗಶಾಲೆಯಲ್ಲಿ ನಾವು ತಿದ್ದುತ್ತೇವಷ್ಟೆ. ಇಲ್ಲಿಯೂ ‘1957ರ ಸುಮಾರು’ ಎಂದು ನಿಲ್ಲಿಸುವುದೇ ಶಾಸ್ತ್ರೀಯ.

ಐದಂಕಿಯ ಮಾರ್ಕ್ ಸಿಕ್ಸ್ ವಾದ್ಯವು ಆರಂಕಿಯದಕ್ಕಿಂತ ಇಂಪಾದುದು ಎಂಬ ನಂಬಿಕೆ ವಾದಕರಲ್ಲಿ ಬಲವಾಗಿದೆ, ಅದರಂತೆ ಬೆಲೆಯೂ ಏರಿದೆ. ಅದೇ ಪಟ್ಟಿಯಂತೆ ಲಕ್ಷದ ಗಡಿ ದಾಟಿದ್ದು 1962ರಲ್ಲಿ. 99,999ಕ್ಕೂ 1,00,000ಕ್ಕೂ ನಡುವೆ ಹಿತ್ತಾಳೆಯಲ್ಲಿ ಏನೂ ಸಂಭವಿಸಲಿಲ್ಲ. ಸಂಭವಿಸಿದ್ದು ದಶಮಾನ ಪದ್ಧತಿಯಲ್ಲಿ. ನಾವು ಹನ್ನೆರಡರ ಮಾನದಲ್ಲಿ ಎಣಿಸುತ್ತಿದ್ದರೆ ಈ ‘ಸುವರ್ಣಯುಗ’ವು ಇನ್ನೂ ಹಲವು ವರ್ಷ ಮುಂದುವರಿಯುತ್ತಿತ್ತು!

ಸಂಖ್ಯೆಯೆಂದು ತೋರುವುದೆಲ್ಲ ಕ್ರಮಸಂಖ್ಯೆಯಲ್ಲ. ಅಮೆರಿಕದ ಎಲ್‌ಖಾರ್ಟ್ ಪಟ್ಟಣದ ಕಾನ್ ಕಾರ್ಖಾನೆಯ ಅನೇಕ ವಾದ್ಯಗಳಲ್ಲಿ ‘ಡಿಸೆಂಬರ್ 8, 1914’ ಎಂಬ ತಾರೀಖೂ 1119954 ಎಂಬ ಅಂಕೆಯೂ ಕಾಣುತ್ತವೆ. ಇದನ್ನು ಕಂಡು ‘1914ರ ವಾದ್ಯ’ ಎಂದು ಸಂಭ್ರಮಿಸಿದವರುಂಟು. ಇದು ಸ್ವರರಂಧ್ರದ ಅಂಚನ್ನು ಬೆಸೆಯದೆ, ನಳಿಕೆಯ ಲೋಹವನ್ನೇ ಹೊರಕ್ಕೆ ಎಳೆದು ರೂಪಿಸುವ ವಿಧಾನದ ಪೇಟೆಂಟು. ಆ ದಿನಕ್ಕಿಂತ ಮೊದಲು ಈ ಮುದ್ರೆಯನ್ನು ಒತ್ತಿರಲಾರರು. ನಂತರ ಎಷ್ಟು ವರ್ಷವಾದರೂ ಒತ್ತಿರಬಹುದು. ಕ್ರಮಸಂಖ್ಯೆಯನ್ನು ಬೇರೆಯಾಗಿ ಹುಡುಕಬೇಕು.

ಅದರ ಸಮೀಪದಲ್ಲೇ ಒಂದು ಪುಟ್ಟ ಇಂಗ್ಲಿಷ್ ಅಕ್ಷರ ಕಂಡುಬರುವುದುಂಟು: ‘ಎಲ್’ ಅಥವಾ ‘ಎಚ್’. ಕೊಳ್ಳುವವನಿಗೆ ವಯಸ್ಸಿಗಿಂತಲೂ ಮುಖ್ಯವಾದುದು ಇದು. ‘ಎಲ್’ ಎಂದರೆ ತಗ್ಗು ಶ್ರುತಿ, ಎಂದರೆ ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳು. 1939ರ ಲಂಡನ್ ಸಮ್ಮೇಳನವು ಇದನ್ನೇ ಅಂತರರಾಷ್ಟ್ರೀಯ ಶ್ರುತಿಯೆಂದು ಒಪ್ಪಿತು. ‘ಎಚ್’ ಎಂದರೆ ಸೈನ್ಯದ ಬ್ಯಾಂಡುಗಳಲ್ಲಿ ಹಿಂದೆ ಬಳಕೆಯಲ್ಲಿದ್ದ ಹೆಚ್ಚು ಶ್ರುತಿ, ಸುಮಾರು 457 ಕಂಪನಗಳು. ವ್ಯತ್ಯಾಸ ಶೇಕಡ 4ರಷ್ಟು ಮಾತ್ರ. ಊದುಬಾಯಿಯನ್ನು ಸ್ವಲ್ಪ ಹೊರಕ್ಕೆಳೆದು ನಳಿಕೆಯನ್ನು ಉದ್ದ ಮಾಡಿದರೆ ಸಾಲದೇ?

ಸಾಲದು. ಸ್ಯಾಕ್ಸೊಫೋನಿನ ನಳಿಕೆ ಶಂಕುವಿನಾಕಾರದ್ದಾದುದರಿಂದ ಅದರೊಳಗಿನ ವಾಯುಸ್ತಂಭದ ಉದ್ದವು ಸ್ವರದ ತರಂಗಾಂತರದ ಸುಮಾರು ಅರ್ಧದಷ್ಟಿರುತ್ತದೆ. ಸಾಮಾನ್ಯ ಆಲ್ಟೋ ವಾದ್ಯದ ಅತಿ ತಗ್ಗಿನ ಸ್ವರ 138.6 ಕಂಪನಗಳದು. ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರೆಂದು ಹಿಡಿದರೆ ವಾಯುಸ್ತಂಭದ ಉದ್ದ 1.24 ಮೀಟರ್. ಹೆಚ್ಚು ಶ್ರುತಿಯ ವಾದ್ಯದಲ್ಲಿ ಇದೇ ಸ್ವರಕ್ಕೆ 1.19 ಮೀಟರ್ ಇರುತ್ತದೆ. ಕೊರತೆ ಸುಮಾರು 4.6 ಸೆಂಟಿಮೀಟರ್. ಇದರ ಅರ್ಧ ಉದ್ದದ ವಾಯುಸ್ತಂಭದಿಂದ ಹುಟ್ಟುವ ಸ್ವರಕ್ಕೆ ಕೊರತೆಯೂ ಅರ್ಧ, ಎಂದರೆ 2.3 ಸೆಂಟಿಮೀಟರ್. ಊದುಬಾಯಿಯನ್ನು ಎಳೆದಾಗಲಾದರೋ ಎಲ್ಲ ಸ್ವರಗಳಿಗೂ ಒಂದೇ ಉದ್ದ ಸೇರುತ್ತದೆ. ಬೇಕಾದುದು ಗುಣಾಕಾರ, ನಾವು ಮಾಡಬಲ್ಲುದು ಸಂಕಲನ! ಒಂದು ಸ್ವರವನ್ನು ಸರಿಪಡಿಸಿದರೆ ಉಳಿದವು ಕೆಡುತ್ತವೆ. ರಂಧ್ರಗಳೆಲ್ಲವನ್ನೂ ಹೊಸದಾಗಿ ಕೊರೆಯದೆ ಇದಕ್ಕೆ ಪರಿಹಾರವಿಲ್ಲ. ಅಂದವಾದ, ಗೀರಿಲ್ಲದ, ಅಗ್ಗದ ಹಳೆಯ ವಾದ್ಯವು ಸಿಕ್ಕಿದಾಗ ಮೊದಲು ಈ ಅಕ್ಷರವನ್ನು ಹುಡುಕಬೇಕು. ಹೆಚ್ಚು ಬಳಸದೆ ಬದಿಗಿಟ್ಟುದೇ ಕೆಲವು ವಾದ್ಯಗಳ ಅಂದಕ್ಕೆ ಕಾರಣವಾಗಿರಬಹುದು.

ಇನ್ನು ವಂಚನೆಯ ವಿಷಯ. ಮಾರ್ಕ್ ಸಿಕ್ಸ್ ವಾದ್ಯದ ಕೊರಳಿನ ಮೇಲೂ ಅದೇ ಸಂಖ್ಯೆ ಒತ್ತಿರುತ್ತದೆ. ಎರಡೂ ಹೊಂದದಿದ್ದರೆ ಕೊರಳು ಬೇರೆ ವಾದ್ಯದ್ದು. ಹಳೆಯ ಲೇಪವನ್ನು ತೆಗೆದು ಉಜ್ಜಿ ಹೊಸ ಲೇಪ ಕೊಟ್ಟಿದ್ದರೆ ಅಂಕೆಗಳ ಅಂಚು ಮೊಂಡಾಗಿ, ಕೆತ್ತನೆಯ ಹೂಬಳ್ಳಿ ಮಾಸಿರುತ್ತದೆ. ಓರೆಯಾಗಿ ದೀಪ ಹಿಡಿದರೆ ಅಂಚಿನ ನೆರಳಿನಿಂದಲೇ ಇದು ತಿಳಿಯುತ್ತದೆ. ಶ್ರುತಿಯ ಅಕ್ಷರವೂ ಹೀಗೆಯೇ ಅಳಿದುಹೋಗಿದ್ದರೆ 440 ಕಂಪನಗಳ ಶ್ರುತಿಕವೆಯೊಂದನ್ನು ಬಡಿದು, ಊದುಬಾಯಿಯನ್ನು ಎಂದಿನ ಸ್ಥಾನದಲ್ಲಿಟ್ಟು ಅದೇ ಸ್ವರವನ್ನು ಊದಿಸಬೇಕು. ವಾದ್ಯವು ಅರ್ಧಸ್ವರದ ಮೂರನೆಯ ಎರಡು ಪಾಲಿನಷ್ಟು ಮೇಲೆ ನುಡಿದರೆ ಅದು ಹೆಚ್ಚು ಶ್ರುತಿಯದೇ ಸರಿ.