ಅಂಗಡಿಯ ಜಾಲತಾಣವೂ ಗಿರಾಕಿಯ ನಂಬುಗೆಯೂ

ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಓದುವ ಸಿದ್ಧಾಂತಗಳಿಗೂ ಊರಿನ ಸಂತೆಬೀದಿಗೂ ಏನು ಸಂಬಂಧವೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ನಾನೂ ಅವರೊಡನೆ ನಕ್ಕವನೇ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ನನ್ನ ಸೋದರಮಾವನವರ ಅಂಗಡಿಗೆ ಒಂದು ಜಾಲತಾಣವನ್ನು ಸಿದ್ಧಪಡಿಸಲು ಹೋಗಿ, ಆ ಸಿದ್ಧಾಂತಗಳನ್ನು ಮತ್ತೊಮ್ಮೆ ಓದಬೇಕಾಗಿ ಬಂದಿತು.

ಮಾವನವರದು ಮೋಟಾರು ರಿವೈಂಡಿಂಗ್ ಕೆಲಸ. ತೆಂಗಿನ ತೋಟಗಳ ಕೊಳವೆಬಾವಿಗಳಲ್ಲಿ ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಹಳೆಯ ತಂತಿಯನ್ನು ಕಿತ್ತು, ಹೊಸದನ್ನು ಸುತ್ತಿ ಕೊಡುವುದು. ಒಳಗೆ ಸುತ್ತಿದ್ದು ತಾಮ್ರವೋ ಅಲ್ಯೂಮಿನಿಯಮೋ, ಸುತ್ತುಗಳೆಷ್ಟು ಎಂಬುದು ಮುಚ್ಚಳ ಬಿಗಿದ ಮೇಲೆ ರೈತನಿಗೆ ಕಾಣದು. ಮೋಟಾರು ಮತ್ತೆ ಸುಟ್ಟರೂ ತಪ್ಪು ತಂತಿಯದೋ ಕರೆಂಟಿನದೋ ಎಂದು ಅವನು ಹೇಳಲಾರ. ಕೊಂಡ ಮೇಲೂ ಗುಣವನ್ನು ಸುಲಭವಾಗಿ ಅಳೆಯಲಾಗದ ಇಂಥ ಸೇವೆಗಳನ್ನು 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ಪ್ರತ್ಯೇಕವಾಗಿ ವಿವೇಚಿಸಿದ್ದಾರೆ. ಅದಕ್ಕೂ ಮುಂಚೆ, 1970ರಲ್ಲಿ, ಜಾರ್ಜ್ ಅಕರ್ಲಾಫರು ಹಳೆಯ ಕಾರುಗಳ ಉದಾಹರಣೆ ಹಿಡಿದು, ಒಳ್ಳೆಯ ಸರಕನ್ನೂ ಕೆಟ್ಟ ಸರಕನ್ನೂ ಗಿರಾಕಿ ಬೇರ್ಪಡಿಸಲಾರದ ಪೇಟೆಯಲ್ಲಿ ಒಳ್ಳೆಯದೇ ಹಿಂದೆ ಸರಿಯುತ್ತದೆಂದು ತೋರಿಸಿದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವೂ ಬಂದಿತು.

ಇದೆಲ್ಲ ಪರೀಕ್ಷೆಗೆ ಬರೆದು ಮರೆತಿದ್ದ ನಾನು, ಜಾಲತಾಣವೆಂದರೆ ಥಳಕಾಗಿರಬೇಕು ಎಂದಷ್ಟೇ ಭಾವಿಸಿದ್ದೆ. ಮೊದಲ ಪುಟದಲ್ಲಿ ಹಳದಿ ಟೋಪಿ ಧರಿಸಿ ನಗುವ ಯಾರೋ ಪರದೇಶದ ತಂತ್ರಜ್ಞನ ಚಿತ್ರ. ಅದರ ಕೆಳಗೆ ‘ಜಿಲ್ಲೆಯಲ್ಲೇ ನಂಬರ್ ಒನ್’. ವಿಳಾಸವಿಲ್ಲ, ದರವಿಲ್ಲ. ಅದಕ್ಕೂ ಮಿಗಿಲಾಗಿ, ಹೇಳಲು ನಾಚಿಕೆಯಾಗುತ್ತದೆ, ಮೂರು ಹೆಸರುಗಳನ್ನು ಕಲ್ಪಿಸಿ ಮೂರು ಪ್ರಶಂಸೆಗಳನ್ನು ನಾನೇ ಬರೆದು ಹಾಕಿದ್ದೆ.

ಮಾವ ಕನ್ನಡಕ ಏರಿಸಿಕೊಂಡು ಓದಿದರು. “ಇವರೆಲ್ಲ ಯಾವ ಊರಿನವರೋ? ನನಗೇ ಗೊತ್ತಿಲ್ಲದ ಗಿರಾಕಿಗಳು ನನಗೆಲ್ಲಿಂದ ಬಂದರು?” ಎಂದರು. ಎಲ್ಲರೂ ಹೀಗೇ ಮಾಡುತ್ತಾರೆಂದು ನಾನು ಸಮರ್ಥಿಸಿಕೊಂಡೆ. “ಇಪ್ಪತ್ತು ವರ್ಷದಿಂದ ಕಿತ್ತ ತಂತೀನ ಗಿರಾಕಿ ಎದುರಿಗೇ ತೂಗ್ತಿದೀನಿ. ನೀನು ಒಂದೇ ರಾತ್ರಿಗೆ ಕೆಡಿಸ್ತೀಯಲ್ಲೋ!” ಎಂದು ಎದ್ದುಹೋದರು. ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಆ ತಕ್ಕಡಿಯ ಮಾತೇ ನನಗೆ ದಾರಿ ತೋರಿಸಿತೆನ್ನಬೇಕು. ಅಂಗಡಿಯಲ್ಲಿ ನಂಬುಗೆ ಹುಟ್ಟುವುದು ಕಣ್ಣೆದುರಿನ ಕೆಲಸದಿಂದ. ಜಾಲತಾಣಕ್ಕೆ ಬಂದವನಿಗೆ ಆ ನೋಟ ಸಿಗಬೇಡವೆ? ಟೋಪಿಯವನನ್ನು ತೆಗೆದು, ಮಾವ ತಂತಿ ಸುತ್ತುವ ಚಿತ್ರವನ್ನೂ ತಕ್ಕಡಿಯ ಚಿತ್ರವನ್ನೂ ಹಾಕಿದೆ. ಬಸ್ ನಿಲ್ದಾಣದಿಂದ ಬರುವ ದಾರಿ, ದೂರವಾಣಿ, ಬಾಗಿಲು ತೆರೆಯುವ ವೇಳೆ, ವಾರದ ರಜೆ ಇವನ್ನು ಬರೆದೆ. ದರಪಟ್ಟಿಗೆ ಮಾವ ಹಿಂಜರಿದರು. ತಾಮ್ರದ ಬೆಲೆ ಏರಿಳಿಯುವುದಲ್ಲ! ಕೊನೆಗೆ ಅಶ್ವಶಕ್ತಿಗೆ ತಕ್ಕ ಅಂದಾಜು ದರ, ಅದು ಏಕೆ ಬದಲಾಗಬಹುದೆಂಬ ಕಾರಣ, ಬರೆದ ತಾರೀಖು ಮೂರನ್ನೂ ಕೊಡುವುದೆಂದು ಒಪ್ಪಂದವಾಯಿತು. ನೀರಿಲ್ಲದೆ ಓಡಿ ಸುಟ್ಟ ಮೋಟಾರಿಗೆ ಗ್ಯಾರಂಟಿ ಇಲ್ಲವೆಂಬುದನ್ನೂ ಸ್ಪಷ್ಟವಾಗಿ ಬರೆದೆವು. ಇಲ್ಲದ್ದನ್ನು ಇಲ್ಲವೆಂದರೆ ಉಳಿದದ್ದಕ್ಕೆ ತೂಕ ಬರುತ್ತದೆಂಬುದು ನನ್ನ ಅಭಿಪ್ರಾಯ.

ವಾಚಕರು ಬೀಗದ ಗುರುತಿನ ಬಗ್ಗೆ ಕೇಳಬಹುದು. 2018ರ ಜುಲೈಯಿಂದ ಕ್ರೋಮ್ ಬ್ರೌಸರು ಗೂಢಲಿಪಿಯ ರಕ್ಷಣೆಯಿಲ್ಲದ ತಾಣಗಳೆಲ್ಲವನ್ನೂ ‘ಸುರಕ್ಷಿತವಲ್ಲ’ ಎಂದು ತೋರಿಸತೊಡಗಿತು. ಅದಕ್ಕೆ ಬೇಕಾದ ಪ್ರಮಾಣಪತ್ರ ಧರ್ಮಕ್ಕೇ ದೊರೆಯುತ್ತದೆ; ಪಡೆಯದಿರುವುದು ಸೋಮಾರಿತನ. ಆದರೆ ಅದು ದಾರಿಯ ಭದ್ರತೆಯೇ ಹೊರತು ಅಂಗಡಿಯವನ ಪ್ರಾಮಾಣಿಕತೆಯಲ್ಲ. ಜನ ಇದನ್ನು ತಪ್ಪಾಗಿ ತಿಳಿಯುತ್ತಿದ್ದುದರಿಂದಲೇ 2023ರಲ್ಲಿ ಕ್ರೋಮ್ ಬೀಗದ ಚಿತ್ರವನ್ನು ಬದಲಿಸಿತು. ಜಿ.ಎಸ್.ಟಿ. ನೋಂದಣಿಯಿದ್ದವರು ಆ 15 ಅಕ್ಷರಗಳ ಸಂಖ್ಯೆಯನ್ನು ಕೊಡುವುದು ಹೆಚ್ಚು ಉಪಯುಕ್ತ. ಯಾರು ಬೇಕಾದರೂ ಸರ್ಕಾರದ ತಾಣದಲ್ಲಿ ಪರೀಕ್ಷಿಸಬಹುದು. ಕರ್ನಾಟಕದವು 29ರಿಂದ ಆರಂಭವಾಗುತ್ತವೆ.

ಪ್ರಶಂಸೆಗಳ ವಿಷಯದಲ್ಲಿ ನನ್ನ ಅಪರಾಧ ಒಂಟಿಯದಲ್ಲವೆಂದು ಆಮೇಲೆ ತಿಳಿಯಿತು. ಸುಳ್ಳು ವಿಮರ್ಶೆಗಳ ಹಾವಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐ.ಎಸ್. 19000 ಎಂಬ ಮಾನಕವನ್ನು ಪ್ರಕಟಿಸಿದೆ. ಈಗ ನಮ್ಮ ಪುಟದಲ್ಲಿರುವುದು ನಾಲ್ಕೇ ಅಭಿಪ್ರಾಯಗಳು, ನಾಲ್ಕೂ ಅವರವರ ಒಪ್ಪಿಗೆ ಪಡೆದು ಹಾಕಿದವು. ಅವುಗಳಲ್ಲೊಂದು ದೂರು: ಮೂರು ದಿನವೆಂದು ಹೇಳಿ ಎಂಟು ದಿನ ಮಾಡಿದರು, ಅಷ್ಟರಲ್ಲಿ ಬಾಳೆ ಒಣಗಿತು ಎಂದು. ಅದನ್ನು ಬಿಡೋಣವೆಂದು ಈ ಬಾರಿಯೂ ನಾನೇ ಅಂದೆ. ಮಾವ ಕೇಳಲಿಲ್ಲ. ಅದರ ಕೆಳಗೆ, ಆ ವಾರ ಕೆಲಸದ ಹುಡುಗ ಊರಿಗೆ ಹೋಗಿದ್ದನೆಂದೂ ತಡವಾದದ್ದು ನಿಜವೆಂದೂ, ಈಗ ಇಬ್ಬರಿದ್ದಾರೆಂದೂ ತಾವೇ ಹೇಳಿ ಬರೆಸಿದರು. ಕಳೆದ ತಿಂಗಳು ನಮ್ಮ ತಾಲ್ಲೂಕಿನ ಆಚೆಯಿಂದ ಮೋಟಾರು ತಂದವರೊಬ್ಬರು ಬೆಂಚಿನ ಮೇಲೆ ಕುಳಿತು ಮೊದಲು ವಿಚಾರಿಸಿದ್ದು, “ಆ ಬಾಳೆಯವರು ಆಮೇಲೆ ಬಂದರೇ?” ಎಂದು.