ಜಾಮ್ ಕುದಿಸುವ ಮುನ್ನ

ಮಾವಿನ ಸುಗ್ಗಿಯಲ್ಲಿ ಬುಟ್ಟಿಗಟ್ಟಲೆ ಹಣ್ಣು ಮನೆಗೆ ಬಂದಿದ್ದರೆ ಕೊಳೆಯಲು ಬಿಡಬೇಡಿ, ಜಾಮ್ ಮಾಡಿಡಿ. ಆದರೆ ಪೂರ್ತಿ ಕಳಿತ ಹಣ್ಣನ್ನಷ್ಟೇ ಹಾಕಿದರೆ ಅದು ಗಟ್ಟಿಯಾಗುವುದು ಕಷ್ಟ. ಗಟ್ಟಿಯಾಗಿಸುವ ಪೆಕ್ಟಿನ್ ದೋರೆಗಾಯಲ್ಲಿ ಹೆಚ್ಚು. ನಾಲ್ಕು ಹಣ್ಣಿಗೊಂದು ದೋರೆಗಾಯಿ ಸೇರಿಸಿ.

1 ಕಿಲೋ ತಿರುಳಿಗೆ 750 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ ಇರಲಿ. ಸಿಹಿ ಜಾಸ್ತಿಯೆಂದು ಸಕ್ಕರೆಗೆ ಕತ್ತರಿ ಹಾಕಬೇಡಿ, ಜಾಮ್ ಕೆಡದಂತೆ ಕಾಯುವುದೇ ಅದು. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಕೈಬಿಡದೆ ತಿರುವಿ. ಹುಳಿಗೆ ಅಲ್ಯೂಮಿನಿಯಂ, ಹಿತ್ತಾಳೆ ಆಗದು. ಹದ ನೋಡಲು ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಹಾಕಿ, ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಮೂಡಿದರೆ ಒಲೆ ಆರಿಸಿ.

ಜೆಲ್ಲಿಗೆ ಮಲೆನಾಡಿನ ಕವಳೆ ಹಣ್ಣು ಚೆನ್ನ. ಬೇಯಿಸಿ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ರಸ ತಾನಾಗಿ ಇಳಿಯಲಿ. ಅವಸರಪಟ್ಟು ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ.

ಗಾಜಿನ ಬಾಟಲಿಗಳನ್ನು 10 ನಿಮಿಷ ಕುದಿಸಿ, ತೇವ ಆರಿಸಿ, ಬಿಸಿಯಿರುವಾಗಲೇ ಬಿಸಿ ಜಾಮ್ ತುಂಬಿ. ತೆರೆದ ಬಾಟಲಿ ಫ್ರಿಜ್‌ನಲ್ಲಿರಲಿ, ಒದ್ದೆ ಚಮಚ ಹಾಕಬೇಡಿ. ಬೂಷ್ಟು ಕಂಡರೆ ಮೇಲಿನಷ್ಟನ್ನು ತೆಗೆದು ತಿನ್ನುವ ಜಿಪುಣತನ ಬೇಡ, ಬಾಟಲಿ ಪೂರ್ತಿ ಚೆಲ್ಲಿಬಿಡಿ.